ಕಪ್ಪುಕುಳಿ ಪಾಠ ಯಾವಾಗ ಬರುತ್ತೆ?

ಪ್ರಶ್ನೆ: ನಮ್ಮೂರು ಶಿರಸಿ. ಕಾರವಾರದಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಬಗ್ಗೆ ಕಲಿಯಬಹುದು ಅಂತ ಖಗೋಳ ಭೌತವಿಜ್ಞಾನದ ಪೇಪರ್ ತೆಗೆದುಕೊಂಡೆ. ತಿಂಗಳಾಯ್ತು, ಬರೀ ಮ್ಯಾಗ್ನಿಟ್ಯೂಡ್, ಪ್ಯಾರಲಾಕ್ಸ್, ಲಾಗರಿದಮ್. ತಲೆ ಕೆಟ್ಟುಹೋಗಿದೆ. ಟೆಲಿಸ್ಕೋಪ್ ಕೊಂಡರೆ ಆಸಕ್ತಿ ಬರಬಹುದಾ?
– ಒಬ್ಬ ವಿದ್ಯಾರ್ಥಿನಿ, ಕಾರವಾರ

ಉತ್ತರ: ಕಪ್ಪುಕುಳಿಗೆ ದಾರಿ ಈ ಲಾಗರಿದಮ್ ಮೇಲಿಂದಲೇ ಹೋಗುತ್ತದೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ಒಂದು ಲೆಕ್ಕ ಮಾಡಿ ನೋಡಿ.

ಫೆಬ್ರುವರಿಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಟ್ಯಾಗೋರ್ ಕಡಲತೀರಕ್ಕೆ ಹೋಗಿ. ಸಮುದ್ರ ಬಲಗಡೆ ಬರುವಂತೆ, ಬೈತಖೋಲ ಕಡೆ ಮುಖ ಮಾಡಿ ನಿಲ್ಲಿ. ಎತ್ತರದಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊಳೆಯುವುದು ಲುಬ್ಧಕ (ಸಿರಿಯಸ್) ನಕ್ಷತ್ರ. ಕೆಳಗೆ, ದಿಗಂತದಿಂದ 22 ಡಿಗ್ರಿಯಷ್ಟು ಮೇಲೆ ಅಗಸ್ತ್ಯ (ಕ್ಯಾನೋಪಸ್) ನಕ್ಷತ್ರ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ಅಂದರೆ ಎರಡು ಮುಷ್ಟಿಗಿಂತ ತುಸು ಮೇಲೆ.

ಮ್ಯಾಗ್ನಿಟ್ಯೂಡ್ ಅಂದರೆ ನಮಗೆ ಕಾಣುವ ಹೊಳಪಿನ ಅಳತೆ. ಲುಬ್ಧಕದ್ದು −1.46, ಅಗಸ್ತ್ಯದ್ದು −0.74. ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು. ಪರೀಕ್ಷೆಯಲ್ಲಿ ಅರ್ಧ ಮಂದಿ ಎಡವುವುದು ಇಲ್ಲೇ. ವ್ಯತ್ಯಾಸ 0.72. ಐದು ಮ್ಯಾಗ್ನಿಟ್ಯೂಡ್ ಅಂದರೆ 100 ಪಟ್ಟು, ಹಾಗಾಗಿ 0.72 ಅಂದರೆ 100ರ ಘಾತ (0.72÷5), ಹತ್ತಿರಹತ್ತಿರ ಎರಡು ಪಟ್ಟು. ಲಾಗರಿದಮ್ ಬೇಕಾಗುವುದು ಇಲ್ಲೇ. ತೀರದಲ್ಲಿ ಅಗಸ್ತ್ಯ ಇನ್ನೂ ಮಂಕಾಗಿ ಕಾಣಬಹುದು. ಅಷ್ಟು ಕೆಳಗಿನ ಬೆಳಕು ದಪ್ಪ ಗಾಳಿಪದರ ದಾಟಿ ಬರಬೇಕಲ್ವಾ?

ಈಗ ಪ್ಯಾರಲಾಕ್ಸ್, ಅಂದರೆ ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಪಕ್ಕಕ್ಕೆ ಸರಿದಂತೆ ಕಾಣುವ ಪುಟ್ಟ ಕೋನ. ಲುಬ್ಧಕದ್ದು 0.379 ಆರ್ಕ್‌ಸೆಕೆಂಡ್. (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್.) ಒಂದನ್ನು ಅದರಿಂದ ಭಾಗಿಸಿದರೆ ದೂರ ಪಾರ್ಸೆಕ್ ಎಂಬ ಅಳತೆಯಲ್ಲಿ ಸಿಗುತ್ತದೆ: 2.64 ಪಾರ್ಸೆಕ್, ಅಂದರೆ 8.6 ಜ್ಯೋತಿರ್ವರ್ಷ. ಅಗಸ್ತ್ಯ ಸುಮಾರು 310 ಜ್ಯೋತಿರ್ವರ್ಷ ದೂರ, ಅಂದರೆ 36 ಪಟ್ಟು. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 36ರ ವರ್ಗ ಸುಮಾರು 1300. ಅಗಸ್ತ್ಯದ ಹೊಳಪು ನಮಗೆ ಲುಬ್ಧಕದ ಅರ್ಧದಷ್ಟು ಕಾಣುವುದರಿಂದ, ಅದರಲ್ಲಿ ಅರ್ಧ 650. ಮಂಕಾಗಿ ಕಂಡ ಅಗಸ್ತ್ಯವೇ ಲುಬ್ಧಕಕ್ಕಿಂತ ಆರುನೂರಕ್ಕೂ ಹೆಚ್ಚು ಪಟ್ಟು ಬೆಳಕು ಚೆಲ್ಲುತ್ತಿದೆ! ನಿಮಗೆ ಬೇಸರ ತಂದ ಮೂರೂ ಪಾಠ ಇದರಲ್ಲೇ ಮುಗಿದವು.

ಕಪ್ಪುಕುಳಿಯ ಪಾಠವೂ ಇಲ್ಲಿಂದ ದೂರವಿಲ್ಲ. ನಕ್ಷತ್ರದ ಪ್ಯಾರಲಾಕ್ಸನ್ನು 1838ರಲ್ಲಿ ಅಳೆದು ಪ್ರಕಟಿಸಿದ ಜರ್ಮನ್ ಖಗೋಳವಿಜ್ಞಾನಿ ಬೆಸೆಲ್, 1844ರಲ್ಲಿ ಲುಬ್ಧಕ ಓಲಾಡುತ್ತಾ ಸಾಗುವುದನ್ನು ಹಿಡಿದು, ಅದಕ್ಕೊಂದು ಕಾಣದ ಜೊತೆಗಾರ ಇದೆ ಎಂದರು. 1862ರಲ್ಲಿ ಟೆಲಿಸ್ಕೋಪಿನಲ್ಲಿ ಅದು ಕಣ್ಣಿಗೂ ಬಿತ್ತು. ಅದೊಂದು ಶ್ವೇತಕುಬ್ಜ, ಅಂದರೆ ಇಂಧನ ಮುಗಿದು ಕುಗ್ಗಿದ ನಕ್ಷತ್ರದ ತಿರುಳು. ಇಂಥ ಕುಬ್ಜ ಎಷ್ಟು ತೂಗಬಹುದು ಎಂಬ ಲೆಕ್ಕಕ್ಕೆ 1930ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದ 19 ವರ್ಷದ ಭಾರತೀಯ ಭೌತವಿಜ್ಞಾನಿ ಎಸ್. ಚಂದ್ರಶೇಖರ್ ಕೈ ಹಾಕಿದರು. ಮಿತಿ ಸೂರ್ಯನ ತೂಕದ ಸುಮಾರು 1.4 ಪಟ್ಟು. ಅದನ್ನು ಮೀರಿದರೆ ಏನಾಗುತ್ತದೆ ಎಂಬಲ್ಲಿಂದ ನ್ಯೂಟ್ರಾನ್ ನಕ್ಷತ್ರ, ಕಪ್ಪುಕುಳಿಗಳ ಪಾಠ ಶುರು.

ಟೆಲಿಸ್ಕೋಪ್ ಈಗಲೇ ಬೇಡ. 10×50 ಬೈನಾಕ್ಯುಲರ್ ಸಾಕು, ಊರಿಗೆ ಹೋದಾಗ ಬ್ಯಾಗಿನಲ್ಲಿ ಹಿಡಿಸುತ್ತದೆ. ಒಂದೇ ಎಚ್ಚರ: ಕರಾವಳಿಯ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.