ಗಡಿಯ ಕಡಲಿನಲ್ಲಿ ಒಂಬತ್ತು ದಿನ

ಕಳೆದ ಜೂನ್ ಮೊದಲ ವಾರದಲ್ಲಿ ನೀವು ಬೆಂಗಳೂರಿನಿಂದ ಕರೆ ಮಾಡಿ ಕೇಳಿದ ಪ್ರಶ್ನೆಗೆ ನಾನು ಆಗ ಸರಿಯಾಗಿ ಉತ್ತರ ಕೊಡಲಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಮಂಗಳೂರಿನಲ್ಲಿ ಬೋಟುಗಳೆಲ್ಲ ದಡ ಸೇರಿರುವಾಗ ನೀವು ಕೇರಳದವರು ಮಾತ್ರ ಮೀನು ಹಿಡಿಯುತ್ತಲೇ ಇದ್ದೀರಲ್ಲ, ನಿಮಗೆ ಕಾನೂನು ಅನ್ವಯಿಸುವುದಿಲ್ಲವೇ ಎಂದು ಕೇಳಿದಿರಿ. ಬಳಿಕ, ಅಷ್ಟು ತೊಂದರೆ ಇದ್ದರೆ ಮಂಗಳೂರಿಗೇ ಬಂದು ನೆಲೆಸಬಹುದಲ್ಲ ಎಂದೂ ಹೇಳಿದಿರಿ. ಎರಡನೆಯ ಮಾತು ನನ್ನನ್ನು ಬಹಳ ದಿನ ಕಾಡಿತು. ಮೊದಲನೆಯದಕ್ಕೆ ಉತ್ತರ ಹೇಳಿದರೆ ಎರಡನೆಯದಕ್ಕೂ ಉತ್ತರ ಸಿಕ್ಕೀತು ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಕೇರಳದ ಬಡಗು ತುದಿಯ ಕಾಸರಗೋಡು ಜಿಲ್ಲೆಯ ಉಪ್ಪಳದ ಕಡಲ ಬದಿಯಲ್ಲಿದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಇದರಲ್ಲಿ ನಮಗೆ ಯಾವ ವಿಶೇಷವೂ ಕಾಣುವುದಿಲ್ಲ. ನಾವು ಬೂತಾಯಿ ಎನ್ನುವ ಮೀನನ್ನು ಪಕ್ಕದ ಮನೆಯವರು ಮತ್ತಿ ಎನ್ನುತ್ತಾರೆ, ನಾವು ಬಂಗುಡೆ ಎಂದರೆ ಅವರು ಅಯಲ ಎನ್ನುತ್ತಾರೆ, ಏಲದ ಹೊತ್ತಿನಲ್ಲಿ ಇಬ್ಬರೂ ಎರಡು ಹೆಸರನ್ನೂ ಕೂಗುತ್ತಾರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನನ್ನ ಅಜ್ಜ ಇದೇ ದಡದಲ್ಲಿ ರಂಪಣಿ ಬಲೆ, ಎಂದರೆ ಹಲವರು ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆ, ಎಳೆಯುತ್ತಿದ್ದರು. ಅವರ ಬಲೆಗೆ ಬೀಳುತ್ತಿದ್ದ ಬೂತಾಯಿ ಅದಕ್ಕೆ ಮೊದಲೂ ಅನಂತರವೂ ಸೋಮೇಶ್ವರದ ಕಡೆಯಿಂದ ಕುಂಬಳೆಯ ಕಡೆಗೆ, ಕುಂಬಳೆಯಿಂದ ಮತ್ತೆ ಬಡಗು ದಿಕ್ಕಿಗೆ ತನ್ನ ಪಾಡಿಗೆ ತಾನು ಓಡಾಡಿಕೊಂಡಿತ್ತು. ರಂಪಣಿಯನ್ನು ಮುಗಿಸಿದ್ದು ರಾಜ್ಯದ ಗಡಿಯಲ್ಲ. 1970ರ ದಶಕದ ಕೊನೆಗೆ ಸಾಲದ ಬಲದಿಂದ ಬಂದ ಪರ್ಸೀನ್ ಬೋಟುಗಳು ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಅದನ್ನು ಸುತ್ತುವರಿದು ಎತ್ತತೊಡಗಿದಾಗ ಅಜ್ಜನ ಬಲೆ ಅಟ್ಟ ಸೇರಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ದಡದಿಂದ 12 ನಾಟಿಕಲ್ ಮೈಲಿಯವರೆಗಿನ, ಎಂದರೆ ಸುಮಾರು 22 ಕಿಲೋಮೀಟರ್ ವರೆಗಿನ ಮೀನುಗಾರಿಕೆ ರಾಜ್ಯದ ಅಧಿಕಾರಕ್ಕೆ ಸೇರಿದೆ. ಅದರಾಚೆ 200 ನಾಟಿಕಲ್ ಮೈಲಿಯವರೆಗೆ ಕೇಂದ್ರದ್ದು. ಪಶ್ಚಿಮ ಕರಾವಳಿಯಲ್ಲಿ ಕೇಂದ್ರದ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ಕರ್ನಾಟಕವೂ ತನ್ನ ನೀರಿನಲ್ಲಿ ಅದೇ 61 ದಿನಗಳನ್ನು ಪಾಲಿಸುತ್ತದೆ. ಕೇರಳದ ಟ್ರಾಲಿಂಗ್ ನಿಷೇಧ, ಎಂದರೆ ಯಂತ್ರದ ಬೋಟಿನಿಂದ ಬಲೆಯನ್ನು ನೀರಿನಲ್ಲಿ ಎಳೆದುಕೊಂಡು ಹೋಗಿ ಮೀನು ಹಿಡಿಯುವುದರ ನಿಷೇಧ, ಮಾತ್ರ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ. ಆದ್ದರಿಂದ ನಮಗೂ ಕಾನೂನಿದೆ, ಮಳೆಗಾಲದ ಟ್ರಾಲಿಂಗ್ ನಿಷೇಧ ಕೇರಳದಲ್ಲಿ 1988ರಲ್ಲೇ ಆರಂಭವಾಯಿತು. ಅದಕ್ಕಾಗಿ ಇಲ್ಲಿನ ಸಾಂಪ್ರದಾಯಿಕ ಮೀನುಗಾರರು ವರ್ಷಗಟ್ಟಲೆ ಸತ್ಯಾಗ್ರಹ ಮಾಡಿದ್ದಾರೆ. ನಿಮ್ಮ ಕಣ್ಣಿಗೆ ಬಿದ್ದದ್ದು ಎರಡು ಲೆಕ್ಕಗಳ ನಡುವೆ ಉಳಿದುಹೋದ ಒಂಬತ್ತು ದಿನ.

ಈ ಒಂಬತ್ತು ದಿನಗಳೇ ನಮ್ಮ ದೊಡ್ಡ ತೊಡಕು. ಜೂನ್ 1ರಿಂದ 12 ಮೈಲಿಯಾಚೆ ಯಾವ ಟ್ರಾಲ್ ಬೋಟೂ ಹೋಗುವಂತಿಲ್ಲ, ಗಡಿಯ ತಲಪಾಡಿಯ ನೇರಕ್ಕೆ ಬಡಗಿನ ಕರ್ನಾಟಕದ ನೀರಿಗೂ ಹೋಗುವಂತಿಲ್ಲ. ಹಾಗಾಗಿ ಕೇರಳದ ಟ್ರಾಲ್ ಬೋಟುಗಳಿಗೆ ಆ ದಿನಗಳಲ್ಲಿ ಉಳಿಯುವುದು ದಡದ ಹತ್ತಿರದ ನೀರು ಮಾತ್ರ. ನಮ್ಮ ನಾಡದೋಣಿಗಳು ಬಲೆ ಬಿಡುವುದೂ ಅಲ್ಲೇ. ಮಳೆ ಹಿಡಿಯುತ್ತಿದ್ದಂತೆ ಆಳದ ತಣ್ಣನೆಯ ನೀರು ಮೇಲೆದ್ದು ಮೀನಿಗೆ ಮೇವು ಹುಟ್ಟಿಸುವುದೂ, ಬೂತಾಯಿ ಮೊಟ್ಟೆಯಿಡಲು ತೊಡಗುವುದೂ ಅದೇ ಕಾಲದಲ್ಲಿ. ಜೂನ್ ತಿಂಗಳಲ್ಲಿ ಅಮ್ಮ ಬೂತಾಯಿಯ ಹೊಟ್ಟೆ ಸೀಳಿದಾಗ ಎರಡೂ ಬದಿಗೆ ಮೊಟ್ಟೆಯ ಹಳದಿ ಎಸಳುಗಳು ಹೊಟ್ಟೆ ತುಂಬ ಕಾಣುತ್ತವೆ. ಆ ಎಸಳನ್ನು ಹುರಿದು ತಿನ್ನುವುದು ಚಿಕ್ಕಂದಿನಲ್ಲಿ ನನಗೆ ಬಲು ಇಷ್ಟವಾಗಿತ್ತು. ಈಗ ಅಮ್ಮ ಅದನ್ನು ತಟ್ಟೆಗೆ ಹಾಕುವಾಗ, ಇಷ್ಟು ಮೊಟ್ಟೆಯಿಂದ ಎಷ್ಟು ಬುಟ್ಟಿ ಮೀನು ಆಗುತ್ತಿತ್ತೋ ಎಂದು ಹೇಳದೆ ಇರುವುದಿಲ್ಲ.

ಇನ್ನು ಮನುಷ್ಯರ ಕಡೆಯ ತೊಡಕು. ನನ್ನ ಚಿಕ್ಕಪ್ಪ ಮಂಗಳೂರು ದಕ್ಕೆಯ ಟ್ರಾಲ್ ಬೋಟಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಲಾಸಿ, ಎಂದರೆ ಬೋಟಿನ ಕೆಲಸಗಾರ. ಜೂನ್ 1ರಂದು ಅವರ ಬೋಟು ನಿಲ್ಲುತ್ತದೆ. ಕೇರಳದಲ್ಲಿ ನಿಷೇಧದಿಂದ ಕೆಲಸ ಕಳೆದುಕೊಳ್ಳುವ ಬೋಟು ಕಾರ್ಮಿಕರಿಗೆ ಉಚಿತ ಪಡಿತರವಿದೆ, ಆದರೆ ಅವರ ಬೋಟು ಕೇರಳದ್ದಲ್ಲ. ಮೀನುಗಾರ ವರ್ಷದಲ್ಲಿ 1,500 ರೂಪಾಯಿ ಕಟ್ಟಿದರೆ ಸರಕಾರಗಳು 3,000 ಸೇರಿಸಿ ಕೆಲಸವಿಲ್ಲದ ತಿಂಗಳುಗಳಲ್ಲಿ 4,500 ಕೊಡುವ ಉಳಿತಾಯ ಪರಿಹಾರ ಯೋಜನೆಯಿದೆ, ಆದರೆ ಅದಕ್ಕೆ ಕರ್ನಾಟಕದಲ್ಲಿ ಅರ್ಜಿ ಹಾಕೋಣವೆಂದರೆ ಅವರ ರೇಶನ್ ಕಾರ್ಡು ಕೇರಳದ್ದು. ಒಂದು ಕಚೇರಿಯಲ್ಲಿ ನೀವು ಆಚೆಯವರು ಎಂದರು, ಇನ್ನೊಂದು ಕಚೇರಿಯಲ್ಲಿ ನೀವು ಈಚೆಯವರು ಎಂದರು. ಎರಡು ಕಡೆಯೂ ಅರ್ಜಿ ಬರೆದುಕೊಟ್ಟವನು ನಾನು. ಶಾಲೆಯಲ್ಲಿ ಕನ್ನಡ ಕಲಿಸುವ ನನಗೆ ಮೇ ತಿಂಗಳಿಡೀ ಇದೇ ಕೆಲಸ. ಚಿಕ್ಕಪ್ಪನಂಥವರು ನಮ್ಮ ಕೇರಿಯಲ್ಲೇ ಹಲವರಿದ್ದಾರೆ.

ಅರ್ಜಿಯ ಭಾಷೆಯದ್ದೂ ಇದೇ ಕಥೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ, ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಸಿಗಬೇಕು ಎನ್ನುತ್ತದೆ. ಆದರೂ ನಮ್ಮ ದಡಕ್ಕೆ ಬರುವ ನೋಟೀಸು ಮಲಯಾಳದಲ್ಲೇ ಇರುತ್ತದೆ. ಸಮುದ್ರ ಪ್ರಕ್ಷುಬ್ಧವಾಗಿದೆ, ಇಂತಿಷ್ಟು ದಿನ ಕಡಲಿಗೆ ಇಳಿಯಬಾರದು ಎಂಬ ಎಚ್ಚರಿಕೆ ಕೂಡ ನನ್ನ ತಂದೆಗೆ ಓದಲು ಬಾರದ ಲಿಪಿಯಲ್ಲಿ ಗೋಡೆಯ ಮೇಲೆ ಅಂಟಿಕೊಂಡಿರುತ್ತದೆ. ಅವರು ಅದರ ಫೋಟೋ ತೆಗೆದು ನನಗೆ ಕಳುಹಿಸುತ್ತಾರೆ. ನಾನು ಓದಿ, ಕನ್ನಡದಲ್ಲಿ ಬರೆದು ಕಳುಹಿಸುವವರೆಗೆ ದೋಣಿಯ ಬಳಿ ಕಾಯುತ್ತಾರೆ. ನಾನು ತರಗತಿಯಲ್ಲಿದ್ದರೆ ಗಂಟೆ ಬಾರಿಸುವವರೆಗೆ ಕಾಯಬೇಕು. ಇದಕ್ಕಾಗಿ ಮಲಯಾಳದ ಮೇಲೆ ನನಗೆ ಸಿಟ್ಟಿಲ್ಲ, ಆ ಭಾಷೆಯ ನೆರೆಯವರೊಡನೆಯೇ ನಾವು ಒಂದೇ ಬಲೆ ಎಳೆಯುವುದು. ಕಾನೂನು ಕೊಟ್ಟ ಹಕ್ಕನ್ನು ಪ್ರತಿ ವರ್ಷ ಹೊಸದಾಗಿ ಬೇಡಬೇಕಾಗಿ ಬರುವುದೇ ನೋವು.

ಇಷ್ಟೆಲ್ಲ ಹೇಳಿದ ಮೇಲೆ ನಾನು ನಿಷೇಧದ ವಿರೋಧಿ ಎಂದು ತಿಳಿಯಬೇಡಿ. 2012ರಲ್ಲಿ ಕೇರಳದ ದಡಗಳಿಗೆ ಸುಮಾರು 3.9 ಲಕ್ಷ ಟನ್ ಬೂತಾಯಿ ಬಂದಿತ್ತು; 2021ರಲ್ಲಿ ಬಂದದ್ದು 3,297 ಟನ್. ಕಡಲಿನ ಬಿಸಿಯೂ ಮಳೆಯ ಏರುಪೇರೂ ಇದಕ್ಕೆ ಕಾರಣವಿರಬಹುದು, ಆದರೆ ಮರಿ ಮೀನನ್ನು ಬಾಚಿದ ನಮ್ಮ ಕೈಗಳಿಗೂ ಅದರಲ್ಲಿ ಪಾಲಿದೆ. 10 ಸೆಂಟಿಮೀಟರಿಗಿಂತ ಸಣ್ಣ ಬೂತಾಯಿಯನ್ನೂ 14 ಸೆಂಟಿಮೀಟರಿಗಿಂತ ಸಣ್ಣ ಬಂಗುಡೆಯನ್ನೂ ಹಿಡಿಯಬಾರದೆಂಬ ನಿಯಮವನ್ನು ದೇಶದಲ್ಲೇ ಮೊದಲು ಮಾಡಿದ್ದು ಕೇರಳ, 2015ರಲ್ಲಿ. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ತಂದೆಯ ದೋಣಿಯ ಅಂಚಿನ ಹಲಗೆಯ ಮೇಲೆ ಚಾಕುವಿನಿಂದ ಕೆತ್ತಿದ ಎರಡು ಗೀಟುಗಳಿವೆ, ಒಂದು ಹತ್ತಕ್ಕೆ, ಇನ್ನೊಂದು ಹದಿನಾಲ್ಕಕ್ಕೆ. ಬಲೆ ಎತ್ತಿದ ಕೂಡಲೇ ಒಂದು ಮೀನನ್ನು ಅದರ ಮೇಲಿಟ್ಟು ನೋಡಿ, ಸಣ್ಣದಾದರೆ ಬಲೆಯನ್ನು ಸಡಿಲಿಸಿ ಹಿಂಡನ್ನೇ ಬಿಟ್ಟುಬಿಡುವುದನ್ನು ನಾನು ಕಂಡಿದ್ದೇನೆ. ಹಾಗೆ ಬಿಟ್ಟು ಬಂದ ದಿನ ಡೀಸೆಲ್ಲಿನ ದುಡ್ಡೂ ಹುಟ್ಟುವುದಿಲ್ಲ. ಆ ಸಣ್ಣ ಮೀನು ಬೇರೊಬ್ಬರ ಬಲೆಗೆ ಬಿದ್ದು, ಲಾರಿಯೇರಿ, ಗಡಿ ದಾಟಿ, ಮೀನಿನ ಹುಡಿ ಮಾಡುವ ಕಾರ್ಖಾನೆಗೆ ಹೋಗುತ್ತದೆ ಎಂದು ತಿಳಿದಾಗ ತಂದೆಗೆ ಏನು ಹೇಳಬೇಕೆಂದು ನನಗೆ ತೋಚುವುದಿಲ್ಲ.

ನನ್ನನ್ನು ಕೇಳಿದರೆ ಕೇರಳವೂ 61 ದಿನ ನಿಲ್ಲಿಸಬೇಕು. ಕರ್ನಾಟಕವೂ ಮರಿ ಮೀನಿನ ವಿಷಯದಲ್ಲಿ ಅಳತೆಗೋಲನ್ನು ಕಾರ್ಖಾನೆಯ ಬಾಗಿಲಲ್ಲೇ ಇಡಬೇಕು. ಕಾರ್ಮಿಕನ ಪರಿಹಾರ ಬೋಟಿನ ನಂಬರನ್ನೂ ರೇಶನ್ ಕಾರ್ಡನ್ನೂ ನೋಡದೆ, ಅವನ ಒಲೆ ಎಷ್ಟು ದಿನ ಆರಿತ್ತು ಎಂಬುದನ್ನು ನೋಡಿ ಸಿಗಬೇಕು. ಇದನ್ನು ಹೇಳಲು ಈ ದಡದಲ್ಲಿ ಇರುವವರೇ ಬೇಕು. ನಾವು ಮಂಗಳೂರಿಗೆ ಬಂದು ನೆಲೆಸಿದರೆ ಎರಡೂ ಕಡೆಯ ನೋಟೀಸು ಓದಬಲ್ಲವರು ಇಲ್ಲಿ ಯಾರು ಉಳಿಯುತ್ತಾರೆ?

ಮುಂದಿನ ಮೇ ತಿಂಗಳ ಕೊನೆಗೆ ಬಿಡುವು ಮಾಡಿಕೊಂಡು ಬನ್ನಿ. ಹೊಸ ನೋಟೀಸು ಅಷ್ಟರೊಳಗೆ ಬಂದಿರುತ್ತದೆ. ನಾನು ಕನ್ನಡಕ್ಕೆ ತಂದದ್ದನ್ನು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಲು ಒಬ್ಬರು ಬೇಕು, ನಿಮ್ಮ ಕೈಬರಹ ನನ್ನದಕ್ಕಿಂತ ಚೆನ್ನಾಗಿದೆ.