ಮುಖಪುಟದಲ್ಲಿ ಇಟಗಿಯ ಶಿಖರ ತುಂಡಾಗಿ ಕಾಣುವುದಕ್ಕೆ

ನಿಮ್ಮ ವರ್ಡ್‌ಪ್ರೆಸ್ ತಾಣದಲ್ಲಿ ಲೇಖನವನ್ನು ತೆರೆದರೆ ಇಟಗಿಯ ಮಹಾದೇವ ದೇವಾಲಯದ ಫೋಟೊದಲ್ಲಿ ಶಿಖರ ಪೂರ್ತಿ ಇದೆ, ಮುಖಪುಟದಲ್ಲಿ ಮಾತ್ರ ತುಂಡು ಎಂದಿದ್ದೀರಿ. ಹಾಗಾದರೆ ಫೋಟೊದಲ್ಲಿ ದೋಷವಿಲ್ಲ. ಥೀಮ್ (ತಾಣದ ವಿನ್ಯಾಸ) ಉದ್ದುದ್ದ ಚಿತ್ರವನ್ನು ಚೌಕಕ್ಕೆ ಕೂರಿಸುತ್ತಿದೆ.

ಮುಖಪುಟದ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ಹೊಸ ಟ್ಯಾಬ್‌ನಲ್ಲಿ ತೆರೆಯಿರಿ. ಅಲ್ಲಿಯೂ ಶಿಖರ ಇಲ್ಲದಿದ್ದರೆ ಅಪ್‌ಲೋಡ್ ಆದಾಗಲೇ ವರ್ಡ್‌ಪ್ರೆಸ್ ಚಿಕ್ಕ ಪ್ರತಿಯನ್ನು ಕತ್ತರಿಸಿಟ್ಟಿದೆ. ಸೆಟ್ಟಿಂಗ್ಸ್‌ನ ಮೀಡಿಯಾ ಪುಟದಲ್ಲಿ ಥಂಬ್‌ನೇಲ್ (ಆ ಚಿಕ್ಕ ಪ್ರತಿ) ಅಳತೆ (ಮೊದಲಿಗೆ 150 × 150 ಪಿಕ್ಸೆಲ್ ಇರುತ್ತದೆ) ಹೆಚ್ಚಿಸಿ, ಕ್ರಾಪ್ (ಕತ್ತರಿಸು) ಎಂಬುದರ ಗುರುತು ತೆಗೆದು ಉಳಿಸಿ. ಇದು ಹೊಸ ಫೋಟೊಗಳಿಗಷ್ಟೇ ಅನ್ವಯ. ಹಳೆಯವಕ್ಕೆ ಚಿಕ್ಕ ಪ್ರತಿಗಳನ್ನು ಮತ್ತೆ ಮಾಡಿಕೊಡುವ ರಿಜನರೇಟ್ ಥಂಬ್‌ನೇಲ್ಸ್ ಪ್ಲಗಿನ್ ಓಡಿಸಿ, ಕ್ಯಾಶ್ (ಉಳಿಸಿಟ್ಟ ಹಳೆಯ ಪುಟಗಳು) ಅಳಿಸಿ ನೋಡಿ. ಕೆಲವು ಥೀಮ್‌ಗಳು ತಮ್ಮದೇ ಅಳತೆಗೆ ಅಂಟಿಕೊಂಡಿರುತ್ತವೆ. ನಿಮ್ಮ ಥೀಮ್ ಯಾವುದೆಂದು ಬರೆದಿಲ್ಲ, ಹಾಗಾಗಿ ಇದರಿಂದಲೇ ಸರಿಹೋಗುತ್ತದೆ ಎನ್ನಲಾರೆ.

ಹೊಸ ಟ್ಯಾಬ್‌ನಲ್ಲಿ ಚಿತ್ರ ಪೂರ್ತಿ ಕಂಡರೆ ಕತ್ತರಿ ಇರುವುದು ಸಿಎಸ್‌ಎಸ್‌ನಲ್ಲಿ, ಅಂದರೆ ಪುಟ ಹೇಗೆ ಕಾಣಬೇಕೆಂದು ಹೇಳುವ ಕೋಡ್‌ನಲ್ಲಿ. ಕಸ್ಟಮೈಸ್‌ನೊಳಗಿನ ಅಡಿಷನಲ್ ಸಿಎಸ್‌ಎಸ್‌ನಲ್ಲಿ ಆ ಚಿತ್ರಗಳ ಆಬ್ಜೆಕ್ಟ್-ಫಿಟ್ (object-fit) ಅನ್ನು ‘ಕಂಟೇನ್’ (contain, ಪೂರ್ತಿ ಚಿತ್ರ ಕಾಣುವಂತೆ) ಮಾಡಿ. ಅಕ್ಕಪಕ್ಕ ಖಾಲಿ ಪಟ್ಟಿ ಬರುತ್ತದೆ, ನನಗಂತೂ ಅದು ಹಿಡಿಸುವುದಿಲ್ಲ. ಚೌಕ ತುಂಬುವಂತೆ ಕತ್ತರಿಸುವ ‘ಕವರ್’ (cover) ಹಾಗೆಯೇ ಬಿಟ್ಟು ಆಬ್ಜೆಕ್ಟ್-ಪೊಸಿಷನ್‌ಗೆ (object-position) ‘ಟಾಪ್’ (top) ಕೊಟ್ಟರೆ ಶಿಖರದ ತುದಿ ಉಳಿದು ಕೆಳಗಿನ ಹುಲ್ಲುಹಾಸು ಮಾತ್ರ ಹೋಗುತ್ತದೆ. ಥೀಮ್‌ನ ಮೂಲ ಕಡತವನ್ನು ಮುಟ್ಟಬೇಡಿ. ಮುಂದಿನ ಅಪ್‌ಡೇಟ್‌ಗೆ ಎಲ್ಲವೂ ಅಳಿಸಿಹೋಗುತ್ತದೆ.