ತಾಮ್ರ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗೆ, ಉಕ್ಕು ಹಾಕಿದರೆ ಗಟ್ಟಿ. ಯಾಕೆ?

ನಿಮ್ಮ ಪ್ರಶ್ನೆ ಇದು: ತಾಮ್ರದ ತಂತಿಯನ್ನು ಒಂದೆರಡು ಸಲ ಬಗ್ಗಿಸಿದರೆ ಬಿಗಿಯಾಗುತ್ತದೆ, ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಆದರೆ ಕುಲುಮೆಯವರು ಉಕ್ಕಿನ ಉಳಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುವುದು ಗಟ್ಟಿ ಮಾಡುವುದಕ್ಕೆ. ಮಾಡಿದ್ದು ಒಂದೇ ಕೆಲಸ, ಫಲ ಮಾತ್ರ ಉಲ್ಟಾ. ಹಾಗಾದರೆ ಇದರಲ್ಲಿ ಅನೀಲಿಂಗ್, ಅಂದರೆ ಕಾಯಿಸಿ ಮೆತ್ತಗೆ ಮಾಡುವ ಕೆಲಸ, ಯಾವುದು?

ನಾನು ಹೀಟ್ ಟ್ರೀಟ್‌ಮೆಂಟ್ ಕೆಲಸದಲ್ಲಿ ಇರುವವನು. ಹೊಸದಾಗಿ ಸೇರುವ ಹುಡುಗರೂ ಇದನ್ನೇ ಕೇಳುತ್ತಾರೆ. ಚುಟುಕಾಗಿ ಹೇಳಿದರೆ, ತಾಮ್ರದಲ್ಲಿ ಆಗಬೇಕಾದ್ದೆಲ್ಲ ಬಿಸಿಯಾಗಿರುವಾಗಲೇ ಆಗಿ ಮುಗಿದಿರುತ್ತದೆ. ಆಮೇಲೆ ನೀರಿಗೆ ಹಾಕಿ, ಗಾಳಿಗೆ ಬಿಡಿ, ವ್ಯತ್ಯಾಸ ಇಲ್ಲ. ಉಕ್ಕಿನಲ್ಲಿ ಅಸಲಿ ಆಟ ಇರುವುದೇ ತಣ್ಣಗಾಗುವಾಗ. ತಾಮ್ರದ್ದು ಅನೀಲಿಂಗ್, ಉಳಿಯದ್ದು ಹಾರ್ಡನಿಂಗ್. ಎರಡರಲ್ಲೂ ನೀರು ಇದೆ ಅನ್ನುವುದು ಬಿಟ್ಟರೆ ಸಂಬಂಧವೇ ಇಲ್ಲ.

ಈಗ ತಂತಿಯನ್ನೇ ನೋಡೋಣ. ಅರ್ಥಿಂಗ್‌ಗೆ ಹಾಕುವ ಒಂಟಿ ಎಳೆಯ ಮೆತ್ತನೆಯ ತಾಮ್ರದ ತಂತಿ ಒಂದು ಗೇಣು ಸಿಕ್ಕಿದರೆ ಸಾಕು. ಅದನ್ನು ಯು ಆಕಾರಕ್ಕೆ ಬಗ್ಗಿಸಿ. ಸಲೀಸಾಗಿ ಬಗ್ಗುತ್ತದೆ. ಈಗ ನೆಟ್ಟಗೆ ಮಾಡಲು ಹೋಗಿ. ಬಗ್ಗಿದ ಜಾಗ ನೆಟ್ಟಗಾಗುವುದಿಲ್ಲ. ಅದರ ಎರಡೂ ಪಕ್ಕ ಬಗ್ಗುತ್ತದೆ, ನಡುವೆ ಒಂದು ಗೂನು ಉಳಿದುಬಿಡುತ್ತದೆ. ಅಂದರೆ ಅದೇ ತಂತಿಯಲ್ಲಿ, ಅರ್ಧ ಅಂಗುಲದ ಅಂತರದಲ್ಲಿ, ಒಂದು ಜಾಗ ಗಟ್ಟಿ, ಇನ್ನೊಂದು ಮೆತ್ತಗೆ. ತಾಮ್ರ ಅದೇ, ಪರಮಾಣುಗಳೂ ಅವೇ. ಬದಲಾಗಿದ್ದು ಒಳಗಿನ ಜೋಡಣೆ.

ಲೋಹದೊಳಗೆ ಪರಮಾಣುಗಳು ಸಾಲು ಸಾಲಾಗಿ ಕೂತಿರುತ್ತವೆ. ಆದರೆ ಸಾಲು ಎಲ್ಲ ಕಡೆ ಸರಿಯಾಗಿರುವುದಿಲ್ಲ, ಅಲ್ಲಲ್ಲಿ ಒಂದು ಸಾಲು ಅರ್ಧಕ್ಕೇ ನಿಂತಿರುತ್ತದೆ. ಈ ಕುಂದಿನ ಗೆರೆಗೆ ಡಿಸ್‌ಲೊಕೇಶನ್ ಅನ್ನುತ್ತಾರೆ. 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಎಂಬ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ ಈ ವಿಚಾರ ಮುಂದಿಟ್ಟರು. ಮದುವೆ ಮನೆಯ ದೊಡ್ಡ ಜಮಖಾನವನ್ನು ಪೂರ್ತಿ ಎಳೆಯುವುದು ಕಷ್ಟ, ಒಂದು ಕಡೆ ಸುಕ್ಕು ಮಾಡಿ ಆ ಸುಕ್ಕನ್ನು ತಳ್ಳಿಕೊಂಡು ಹೋದರೆ ಸುಲಭ, ಅಲ್ವಾ? ಲೋಹ ಬಗ್ಗುವುದು ಹಾಗೆ, ಸುಕ್ಕು ಸರಿದಂತೆ. ತೊಂದರೆ ಏನೆಂದರೆ, ಬಗ್ಗಿಸಿದಷ್ಟೂ ಹೊಸ ಸುಕ್ಕುಗಳು ಹುಟ್ಟುತ್ತವೆ. ನಾಲ್ಕು ಕಡೆಯಿಂದ ಬಂದ ಸುಕ್ಕುಗಳು ಒಂದಕ್ಕೊಂದು ಸಿಕ್ಕಿಕೊಂಡು ಯಾವುದೂ ಸರಿಯದ ಹಾಗಾಗುತ್ತದೆ. ತಂತಿ ಬಿಗಿಯಾಯಿತು ಅಂತ ಕೈಗೆ ಗೊತ್ತಾಗುವುದು ಇದೇ.

ಎಷ್ಟು ಹುಟ್ಟುತ್ತವೆ ಅನ್ನುವ ಲೆಕ್ಕ ನನಗೆ ಇವತ್ತಿಗೂ ಮಜಾ ಕೊಡುತ್ತದೆ. ಚೆನ್ನಾಗಿ ಅನೀಲ್ ಆದ ತಾಮ್ರದ ಒಂದು ಘನ ಸೆಂಟಿಮೀಟರಿನೊಳಗೆ ಈ ಗೆರೆಗಳನ್ನೆಲ್ಲ ತುದಿಗೆ ತುದಿ ಜೋಡಿಸಿದರೆ ಹತ್ತಾರು, ಹೆಚ್ಚೆಂದರೆ ನೂರಾರು ಕಿಲೋಮೀಟರ್ ಬರುತ್ತದೆ. ಅದೇ ತುಂಡನ್ನು ಬಡಿದು ಬಡಿದು ಗಟ್ಟಿ ಮಾಡಿದ ಮೇಲೆ ಸುಮಾರು 10 ಲಕ್ಷ ಕಿಲೋಮೀಟರ್! ಚಂದ್ರನ ತನಕ ಹೋಗಿ ವಾಪಸ್ ಬಂದರೂ ಮಿಗುತ್ತದೆ. ಬಗ್ಗಿಸಲು ನೀವು ಹಾಕಿದ ಶಕ್ತಿಯಲ್ಲಿ ಬಹುಪಾಲು ಬಿಸಿಯಾಗಿ ಹೋಗುತ್ತದೆ. ನೂರರಲ್ಲಿ ಕೆಲವೇ ಪಾಲು ಈ ಗೆರೆಗಳ ರೂಪದಲ್ಲಿ ಒಳಗೆ ಉಳಿಯುತ್ತದೆ. ಅನೀಲಿಂಗ್ ನಡೆಯುವುದು ಆ ಉಳಿಕೆಯ ಬಲದಿಂದಲೇ. ಕಾಯಿಸುವುದು ಅಂದರೆ ಪರಮಾಣುಗಳಿಗೆ ಜಾಗ ಬದಲಿಸುವಷ್ಟು ಓಡಾಟ ಕೊಡುವುದು, ಅಷ್ಟೇ.

ಕಾಯಿಸುತ್ತಾ ಹೋದರೆ ಮೊದಲು ಆಗುವುದು ರಿಕವರಿ. ಗೆರೆಗಳು ಸ್ವಲ್ಪ ಸರಿದು, ಎದುರುಬದುರಾದವು ಒಂದನ್ನೊಂದು ಅಳಿಸಿಹಾಕುತ್ತವೆ. ಒಳಗಿನ ಎಳೆತ ಇಳಿಯುತ್ತದೆ, ಆದರೆ ಗಟ್ಟಿತನ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಇದು ಬೇಕಾಗಿ ಬಂದ ಒಂದು ಕತೆ ನಮ್ಮ ದೇಶದ್ದೇ. ಬ್ರಿಟಿಷರ ಕಾಲದಲ್ಲಿ ಸೈನ್ಯದ ಹಿತ್ತಾಳೆ ತೋಟೆಗಳು ಮಳೆಗಾಲದಲ್ಲಿ ಯಾರೂ ಮುಟ್ಟದಿದ್ದರೂ ಸುಮ್ನೆ ಬಿರುಕು ಬಿಡುತ್ತಿದ್ದವು. ತೋಟೆಯನ್ನು ಒತ್ತಿ ಎಳೆದು ಮಾಡುವಾಗ ಒಳಗೆ ಉಳಿದಿದ್ದ ಎಳೆತ ಒಂದು ಕಾರಣ. ಕುದುರೆ ಲಾಯದ ಮೂತ್ರದಿಂದ ಬರುವ ಅಮೋನಿಯಾ, ಜೊತೆಗೆ ಮಳೆಗಾಲದ ತೇವ, ಇನ್ನೊಂದು ಕಾರಣ. ಇದರ ವಿವರಣೆ ಪ್ರಕಟವಾಗಿದ್ದು 1921ರಲ್ಲಿ. ತೋಟೆಯನ್ನು ಪೂರ್ತಿ ಮೆತ್ತಗೆ ಮಾಡಿದರೆ ಪ್ರಯೋಜನವಿಲ್ಲ, ಗುಂಡು ಹಾರುವಾಗ ತಡೆಯಬೇಕಲ್ಲ. ಹಾಗಾಗಿ ಸುಮಾರು 250-300 ಡಿಗ್ರಿ ಸೆಲ್ಸಿಯಸ್‌ಗೆ ಹದವಾಗಿ ಕಾಯಿಸಿದರೆ ಎಳೆತ ಹೋಗುತ್ತದೆ, ಗಟ್ಟಿತನ ಉಳಿಯುತ್ತದೆ.

ಇನ್ನೂ ಕಾಯಿಸಿದರೆ ರಿಕ್ರಿಸ್ಟಲೈಸೇಶನ್. ಇಲ್ಲಿ ಹಳೆಯದನ್ನು ರಿಪೇರಿ ಮಾಡುವುದಿಲ್ಲ, ಹೊಸದನ್ನೇ ಕಟ್ಟುತ್ತದೆ. ಲೋಹ ಅಂದರೆ ಪುಟ್ಟ ಪುಟ್ಟ ಹರಳುಗಳ ಗುಂಪು, ಒಂದೊಂದು ಹರಳಿಗೆ ಗ್ರೇನ್ ಅನ್ನುತ್ತಾರೆ. ಜಜ್ಜಿಹೋದ ಹಳೆಯ ಗ್ರೇನ್‌ಗಳ ಅಂಚಿನಲ್ಲಿ ಹೊಸ, ಗೆರೆಗಳಿಲ್ಲದ ಪುಟ್ಟ ಗ್ರೇನ್‌ಗಳು ಹುಟ್ಟಿ, ಹಳೆಯವನ್ನು ತಿನ್ನುತ್ತಾ ಬೆಳೆಯುತ್ತವೆ. ಲೋಹ ಕರಗುವುದೇ ಇಲ್ಲ, ಪೂರ್ತಿ ಗಟ್ಟಿ ಸ್ಥಿತಿಯಲ್ಲೇ ಇದೆಲ್ಲ ನಡೆಯುತ್ತದೆ. ತಾಮ್ರ ಕರಗುವುದು 1085 ಡಿಗ್ರಿಗೆ. ಚೆನ್ನಾಗಿ ಬಡಿದ ಮಾಮೂಲಿ ತಾಮ್ರ 200ರಿಂದ 400 ಡಿಗ್ರಿಯೊಳಗೇ ಹೊಸ ಗ್ರೇನ್ ಕಟ್ಟಲು ಶುರುಮಾಡುತ್ತದೆ. ನಿಮ್ಮ ಒಲೆಯ ಮೇಲೆ ಮಸುಕು ಕೆಂಪು ಕಾಣುವಷ್ಟರಲ್ಲಿ ತೆಳು ತಂತಿಯೊಳಗೆ ಕೆಲಸ ಮುಗಿದೇ ಹೋಗಿರುತ್ತದೆ. ಸೀಸ, ತವರದಂಥ ಲೋಹಗಳಿಗೆ ನಮ್ಮ ಕೋಣೆಯ ಬಿಸಿಯೇ ಸಾಕು. ಅದಕ್ಕೇ ಸೀಸವನ್ನು ಎಷ್ಟು ಬಗ್ಗಿಸಿದರೂ ಬಿಗಿಯಾಗುವುದಿಲ್ಲ.

ಅಂಕಿಯಲ್ಲಿ ಹೇಳುವುದಾದರೆ, ಎಳೆದು ಗಟ್ಟಿಯಾದ ತಾಮ್ರದ ತಂತಿ ತುಂಡಾಗಲು ಸುಮಾರು 380 ಮೆಗಾಪ್ಯಾಸ್ಕಲ್ (ಚದರ ಮಿಲಿಮೀಟರಿಗೆ ಇಷ್ಟು ಬಲ ಅನ್ನುವ ಅಳತೆ) ಬೇಕು, ಅನೀಲ್ ಆದದ್ದಕ್ಕೆ 220ರ ಹತ್ತಿರ. ಆದರೆ ಗಟ್ಟಿಯಾದದ್ದು ತುಂಡಾಗುವ ಮುಂಚೆ ಉದ್ದವಾಗುವುದು ಹೆಚ್ಚೆಂದರೆ ಶೇಕಡಾ ಮೂರು ನಾಲ್ಕು. ಅನೀಲ್ ಆದದ್ದು ಶೇಕಡಾ 30 ದಾಟುತ್ತದೆ. ಕರೆಂಟ್ ಹರಿಯುವುದೂ ಬದಲಾಗುತ್ತದೆ, ಆದರೆ ಸ್ವಲ್ಪವೇ. 1913ರಿಂದ ಜಗತ್ತಿನ ಅಳತೆಯಲ್ಲಿ ನೂರಕ್ಕೆ ನೂರು ಅಂತ ಇಟ್ಟುಕೊಂಡಿರುವುದೇ ಅನೀಲ್ ಆದ ತಾಮ್ರದ ವಾಹಕತೆ. ಗಟ್ಟಿ ತಂತಿ 97ರ ಆಸುಪಾಸಿನಲ್ಲಿರುತ್ತದೆ.

ಅತಿಯಾಗಿ ಕಾಯಿಸಿದರೂ ಕೆಡುತ್ತದೆ. ಹೊಸ ಗ್ರೇನ್‌ಗಳು ಒಂದನ್ನೊಂದು ನುಂಗಿ ದೊಡ್ಡವಾಗುತ್ತವೆ. ಅಂಥ ತಗಡನ್ನು ಬಗ್ಗಿಸಿದರೆ ಮೇಲ್ಮೈ ತರಿತರಿಯಾಗುತ್ತದೆ, ಎಷ್ಟು ಪಾಲಿಶ್ ಮಾಡಿದರೂ ಮತ್ತೆ ಬಗ್ಗಿಸಿದಾಗ ಅದೇ ಪಾಡು. ಇನ್ನೊಂದು ವಿಚಿತ್ರ ಇದೆ. ಜಾಸ್ತಿ ಬಡಿದ ಲೋಹದಲ್ಲಿ ಹೊಸ ಗ್ರೇನ್‌ಗಳು ಸಣ್ಣದಾಗಿ, ಒತ್ತಾಗಿ ಹುಟ್ಟುತ್ತವೆ. ಅಲ್ಪಸ್ವಲ್ಪ ಬಡಿದು ಕಾಯಿಸಿದರೆ ಎಲ್ಲೋ ನಾಲ್ಕು ಹುಟ್ಟಿ ಅವೇ ಬೆಳೆದು ದೊಡ್ಡದಾಗುತ್ತವೆ. ಆದ್ದರಿಂದ ಪ್ರತಿ ಎರಡು ಏಟಿಗೊಮ್ಮೆ ಕಾಯಿಸುವುದು ಜಾಣತನ ಅಲ್ಲ. ಚೆನ್ನಾಗಿ ಬಡಿಯಿರಿ, ಆಮೇಲೆ ಕಾಯಿಸಿ.

ಇನ್ನು ಉಳಿಯ ವಿಷಯ. ಉಕ್ಕಿಗೆ ತಾಮ್ರಕ್ಕಿಲ್ಲದ ಒಂದು ಗುಣ ಇದೆ. ಸುಮಾರು 727 ಡಿಗ್ರಿ ದಾಟಿದರೆ ಕಬ್ಬಿಣದ ಪರಮಾಣುಗಳ ಜೋಡಣೆಯ ವಿನ್ಯಾಸವೇ ಬದಲಾಗಲು ಶುರುವಾಗುತ್ತದೆ, ಹೊಸ ವಿನ್ಯಾಸದಲ್ಲಿ ಕಾರ್ಬನ್ ಸರಾಗವಾಗಿ ಕರಗುತ್ತದೆ. ಕುಲುಮೆಯೊಳಗೇ ಬಿಟ್ಟು ನಿಧಾನವಾಗಿ ತಣಿಸಿದರೆ ಕಾರ್ಬನ್ ಹೊರಬಂದು ತನ್ನ ಜಾಗ ಹಿಡಿಯುತ್ತದೆ, ಉಕ್ಕು ಮೆತ್ತಗಾಗುತ್ತದೆ. ಇದೇ ಉಕ್ಕಿನ ಅನೀಲಿಂಗ್. ನೀರಿಗೆ ಅದ್ದಿದರೆ ಕಾರ್ಬನ್‌ಗೆ ಹೊರಬರಲು ಸಮಯವೇ ಸಿಗದೆ ಒಳಗೇ ಸಿಕ್ಕಿಬೀಳುತ್ತದೆ. ಹೀಗಾದ ಮಾರ್ಟೆನ್ಸೈಟ್ ಗಾಜು ಕೊರೆಯುವಷ್ಟು ಗಟ್ಟಿ, ಆದರೆ ಹಾಗೇ ಬಿಟ್ಟರೆ ಏಟಿಗೆ ಚೂರಾಗುತ್ತದೆ. ಅದಕ್ಕೇ ಕುಲುಮೆಯವರು ಅದ್ದಿದ ಮೇಲೆ ಮತ್ತೆ ಸ್ವಲ್ಪ ಕಾಯಿಸಿ ಹದ ಮಾಡುವುದು.

ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಯಾವುದಾದರೂ ಮನೆ ಕಟ್ಟುವ ಜಾಗಕ್ಕೆ ಹೋಗಿ. ಕಂಬಿ ಕಟ್ಟುವ ಕಪ್ಪು ಬೈಂಡಿಂಗ್ ವೈರ್ ಅನೀಲ್ ಆದ ಮೆದು ಉಕ್ಕು. ಕೊಕ್ಕೆ ಹಾಕಿ ಎರಡು ಸುತ್ತು ತಿರುವಿದರೆ ಗಂಟು ಕೂರುತ್ತದೆ. ಆರನೇ ಏಳನೇ ಸುತ್ತಿಗೆ ಪಟ್ ಅಂತ ಕಿತ್ತುಬರುತ್ತದೆ, ಅಷ್ಟರಲ್ಲಿ ಅದು ಬಿಗಿದು ಬಿಗಿದು ಗಟ್ಟಿಯಾಗಿರುತ್ತದೆ. ಆ ಗಂಟಿನೊಳಗಿನ ಟಿಎಂಟಿ ಕಂಬಿ ಬೇರೆ ದಾರಿಯಲ್ಲಿ ಬಂದದ್ದು. ರೋಲಿಂಗ್ ಮಿಲ್ಲಿನಿಂದ ಕೆಂಪಗೆ ಹೊರಬಂದಾಗಲೇ ಅದಕ್ಕೆ ನೀರು ಹೊಡೆಯುತ್ತಾರೆ. ಹೊರಗಿನ ಉಂಗುರ ಗಟ್ಟಿ, ಒಳಗಿನ ತಿರುಳು ಮೆದು. ತಿರುಳಿನ ಬಿಸಿಯೇ ಆಮೇಲೆ ಉಂಗುರವನ್ನು ಹದ ಮಾಡುತ್ತದೆ.

ಕಂಚು ಕೇಳಿದರೆ ಇನ್ನೂ ತಲೆ ತಿರುಗುತ್ತದೆ. ಶೇಕಡಾ 22ರಷ್ಟು ತವರ ಇರುವ ಊಟದ ಕಂಚನ್ನು ನಿಧಾನ ತಣಿಸಿದರೆ ಏಟಿಗೆ ಒಡೆಯುವ ಹಾಗಾಗುತ್ತದೆ, ಕೆಂಪಗಿದ್ದಾಗ ನೀರಿಗೆ ಹಾಕಿದರೆ ಬಾಳಿಕೆ ಬರುತ್ತದೆ. ಉಕ್ಕಿಗೆ ಸರಿಯಾಗಿ ತದ್ವಿರುದ್ಧ.

ತಾಮ್ರವನ್ನು ನೀರಿಗೆ ಹಾಕುವುದರಿಂದ ಒಂದು ಲಾಭ ಮಾತ್ರ ಉಂಟು, ಮೇಲಿನ ಕಪ್ಪು ಹೊಪ್ಪಳೆ ಉದುರುತ್ತದೆ. ಮನೆಯಲ್ಲಿ ಮಾಡುವುದಾದರೆ ಪ್ಲಾಸ್ಟಿಕ್ ಹೊದಿಕೆ ಪೂರ್ತಿ ಸುಲಿದು ಮಾಡಿ. ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಆಸಿಡ್ ಇರುತ್ತದೆ. ಮೋಟಾರ್ ವೈಂಡಿಂಗ್ ತಂತಿಯ ಎನಾಮೆಲ್ ಕೂಡ ಸುಡಬೇಡಿ. ಇಕ್ಕಳದಲ್ಲೇ ಹಿಡಿಯಿರಿ, ತಾಮ್ರದ ಇನ್ನೊಂದು ತುದಿ ಕ್ಷಣದಲ್ಲಿ ಕೈ ಸುಡುತ್ತದೆ. ಮತ್ತೆ ಮತ್ತೆ ಮಾಡಬಹುದಾ ಅಂದರೆ ಮಾಡಬಹುದು. ಆದರೆ ಮಾಮೂಲಿ ಎಲೆಕ್ಟ್ರಿಕಲ್ ತಾಮ್ರದಲ್ಲಿ ಚೂರು ಆಕ್ಸಿಜನ್ ಇರುತ್ತದೆ. ಗಾಳಿ ಕಡಿಮೆಯಾದ ಹಳದಿ ಉರಿಯಲ್ಲಿ ತುಂಬಾ ಹೊತ್ತು ಕಾಯಿಸಿದರೆ ಹೈಡ್ರೋಜನ್ ಒಳಗೆ ಇಳಿದು, ಆ ಆಕ್ಸಿಜನ್ ಜೊತೆ ಸೇರಿ ಹಬೆಯಾಗಿ, ಗ್ರೇನ್‌ಗಳ ನಡುವೆ ಬಿರುಕು ಬಿಡಿಸುತ್ತದೆ. ಹಾಗೆ ಕೆಟ್ಟ ತಂತಿಯನ್ನು ಮತ್ತೆಷ್ಟು ಕಾಯಿಸಿದರೂ ಸರಿಹೋಗುವುದಿಲ್ಲ. ಹಾಗಾಗಿ ನೀಲಿ ಉರಿ ಇಟ್ಟುಕೊಳ್ಳಿ, ಮಸುಕು ಕೆಂಪು ಕಂಡ ಕೂಡಲೇ ತೆಗೆಯಿರಿ.